ಕಾರಿಳಿಯದ ಹುಡುಗಿ

"ಇಳದು ಬಂದು ಮಾತಾಡ್ರಿ!"

ಹುಮನಾಬಾದಿನ ಬೀಜದಂಗಡಿಯ ಅಂಬರೀಷ ಕಾರಿನ ಬಾಗಿಲು ಬಡಿದ. ಅಂಗಡಿಗೆ ಅಡ್ಡ ಗಾಡಿ ನಿಲ್ಲಿಸಿದರೆ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ!

ಒಳಗಿದ್ದ ಉಜ್ವಲಾ ಗಾಜು ಅರ್ಧ ಇಳಿಸಿ, "ಇಳಿಯಂಗಿಲ್ರಿ. ಹೊಂಟೆ," ಎಂದಳು. ಆ ದನಿಯ ದಣಿವು ಕೇಳಿ ಅವನ ಸಿಟ್ಟು ಅರ್ಧಕ್ಕೇ ನಿಂತಿತು. ಸುಮ್ಮನೆ ಒಂದು ಕಪ್ ಚಹಾ ತರಿಸಿ ಕೊಟ್ಟ.

ಅವಳಿಗೆ ಇಳಿಯಲು ಆಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಬೈಕಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದಾಗಿನಿಂದ ಕಾಲುಗಳು ಅವಳ ಮಾತು ಕೇಳುವುದನ್ನೇ ಬಿಟ್ಟಿದ್ದವು. ಕಾರಿನ ಬ್ರೇಕು, ಎಕ್ಸಲರೇಟರ್ ಎರಡನ್ನೂ ಕೈಯಲ್ಲೇ ನಡೆಸುವಂತೆ ಮಾಡಿಸಿಕೊಂಡಿದ್ದಳು. ಬಸವಕಲ್ಯಾಣದಿಂದ ಹುಮನಾಬಾದಿನ ಔಷಧ ಕಾರ್ಖಾನೆಗೆ ದಿನಾ ಒಬ್ಬಳೇ ಬಂದು ಹೋಗುತ್ತಿದ್ದಳು. ಇಡೀ ದಿನ ದುಡಿದು ಮರಳುವಾಗ ತೋಳು ಸೋಲುತ್ತಿತ್ತು, ಅದಕ್ಕೇ ಅಲ್ಲಿ ನಿಂತಿದ್ದಳು.

ಆದರೆ ಸ್ಟೇರಿಂಗ್ ಹಿಡಿದು ಕೂತಾಗ ಅವಳೂ ಎಲ್ಲರಂಥ ಹುಡುಗಿ. 'ಅಯ್ಯೋ ಪಾಪ' ಎನ್ನುವವರು ಇರುತ್ತಿರಲಿಲ್ಲ. ಹತ್ತಿರ ಬರುವವರೂ ಇರುತ್ತಿರಲಿಲ್ಲ... ಅಂಬರೀಷನೊಬ್ಬನನ್ನು ಬಿಟ್ಟು.

ಅಂದಿನಿಂದ ದಿನಾ ಸಂಜೆ ಚಹಾ, ಕಿಟಕಿಗೆ ಆತುಕೊಂಡು ಮಾತು. ಅವನು ಬಗ್ಗಿದಾಗೆಲ್ಲ ಅವಳು ಕೈಯಿಂದ ಬ್ರೇಕು ಒತ್ತುವ ಸರಳಿನ ಮೇಲೆ ದುಪಟ್ಟಾ ಎಳೆದುಕೊಳ್ಳುತ್ತಿದ್ದಳು. 'ಗೊತ್ತಾದರೆ ಇವನೂ ಬರುವುದು ಬಿಟ್ಟರೆ...?'

ಒಂದು ಸಂಜೆ ಅವನು, ತನ್ನ ಅವ್ವ ಮಾಣಿಕಮ್ಮ ಅಂಗಡಿಯಲ್ಲಿದ್ದಾಳೆ, ಬಂದು ಮಾತಾಡಿಸಿ ಎಂದು ಕರೆದ. ಅವಳು ಒಲ್ಲೆನೆಂದು ತಲೆಯಾಡಿಸಿದಳು.

"ನಮ್ಮ ಅಂಗಡಿಗಿ ಕಾಲಿಟ್ರ ನಿಮ್ಮ ಮರ್ಯಾದಿ ಕಡಿಮಿ ಆಗ್ತದೇನ್ರಿ?"

ಉಜ್ವಲಾ ಗಾಜು ಏರಿಸಿದಳು. ಕಾರು ಹೊರಟುಹೋಯಿತು.

ಮುಂದಿನ ವಾರವೆಲ್ಲ ಅವಳು ಅಲ್ಲಿ ನಿಲ್ಲಿಸಲಿಲ್ಲ. ದಾರಿಯಲ್ಲಿ ಕಣ್ಣು ತುಂಬಿದರೆ ಒರೆಸಿಕೊಳ್ಳಲೂ ಕೈ ಖಾಲಿಯಿಲ್ಲ, ಎರಡೂ ಕೈ ಗಾಡಿಯ ಮೇಲೆ! ಸೊಕ್ಕಿನವಳು ಅಂದುಕೊಳ್ಳಲಿ, ಕನಿಕರಕ್ಕಿಂತ ಅದೇ ವಾಸಿ ಎಂದು ಹಲ್ಲು ಕಚ್ಚಿದಳು. ಮನಸ್ಸು ಕೇಳಬೇಕಲ್ಲ!

ಶನಿವಾರ ಸಂಜೆ ಕಾರು ಮತ್ತೆ ಅಂಗಡಿ ಮುಂದೆ ನಿಂತಿತು. ಅಂಬರೀಷ ಮುಖ ಬಿಗಿದುಕೊಂಡೇ ಬಂದ.

"ಹಿಂದ ಡಿಕ್ಕಿ ತೆಗೀರಿ. ನನ್ನ ಗಾಲಿಕುರ್ಚಿ ಅದ." ಅವಳು ಸರಳಿನ ಮೇಲಿನ ದುಪಟ್ಟಾ ಸರಿಸಿದಳು. "ನನಗ ನಡಿಯಾಕ ಬರಂಗಿಲ್ರಿ."

ಅವನು ಹೋಗಿ ಡಿಕ್ಕಿ ತೆಗೆದ. ಕುರ್ಚಿ ತಂದು, ಅವಳು ತೋರಿಸಿದಂತೆ ಬಾಗಿಲಿಗೆ ಹೊಂದಿಸಿ ಇಟ್ಟ. ಅವನ ಕಣ್ಣು ಕೆಂಪಾಗಿತ್ತು.

"ನಾ ಅಂದದ್ದು ತಪ್ಪಾತು. ನೀವು ಬರಲಾರದ ಈ ವಾರ ನನಗ ಅಂಗಡ್ಯಾಗ ಕೂಡ್ರಾಕ ಆಗ್ಲಿಲ್ರಿ... ನಿಮ್ಮನ್ನ ಪ್ರೀತಿ ಮಾಡಾಕತ್ತೇನಿ, ಉಜ್ವಲಾ. ಎತ್ತಿ ಕೂಡಿಸ್ಲೇನು?"

"ಬ್ಯಾಡ್ರಿ, ನಾನೇ ಬರ್ತೀನಿ. ಕುರ್ಚಿ ಅಲ್ಲಾಡದಂಗ ಹಿಡಕೊಂಡು ನಿಲ್ರಿ, ಸಾಕು."

"ಎಷ್ಟೊತ್ತನಕ?"

ಉಜ್ವಲಾ ತೋಳೂರಿ ಕುರ್ಚಿಗೆ ಜರುಗಿ, ತಲೆಯೆತ್ತಿ ಅವನನ್ನು ನೋಡಿದಳು.

"ನಿಮಗ ಬ್ಯಾಸರ ಆಗೂತನಕ."

"ಹಂಗಾದ್ರ ಕೈ ಬಿಡೂದೇ ಇಲ್ಲ ಬಿಡ್ರಿ."