ಹಳದಿ ಬಸ್ಸಿನ ನೀಲಿ ಹುಡುಗಿ

"ಇನ್ನೂ ಮೇಲೆ. ಇನ್ನೂ ಸ್ವಲ್ಪ... ಹಾಂ, ಸಾಕು."

ಅಪ್ಪ ಸ್ವೆಟರಿನ ಜಿಪ್ಪನ್ನು ಗಲ್ಲದವರೆಗೆ ಎಳೆದರು. ಪಟಾಕಿಗೆ ಉಸಿರು ಕಟ್ಟಿದ ಹಾಗಾಯಿತು.

"ಅಪ್ಪಾ, ಸೆಕೆ!"

"ಸೆಕೆ ಆದ್ರೆ ಆಗ್ಲಿ. ಒಳಗಿರೋ ಬಣ್ಣ ಹೊರಗೆ ಕಾಣಬಾರದು. ಬಾಯಿಂದಾನೂ ಬರಬಾರದು. ತಿಳೀತಾ?"

ಒಳಗಿದ್ದುದು ನೀಲಿ ಜರ್ಸಿ. ಬೆನ್ನ ಮೇಲೆ ಹನ್ನೊಂದನೇ ನಂಬರು. ಅದು ನೀಲಿ ಫುಟ್‌ಬಾಲ್ ತಂಡದ ಕುಳ್ಳನ ನಂಬರು. ಕುಳ್ಳ ಎಂದರೆ ಪಟಾಕಿಗೆ ಪ್ರಾಣ. ಅವನು ಬಾಲು ತೆಗೆದುಕೊಂಡು ಓಡುತ್ತಿದ್ದರೆ ಇವಳು ಟೀವಿಯ ಮುಂದೆ ಕಿರುಚುವ ಕಿರುಚಾಟಕ್ಕೆ ಮೇಲಿನ ಮನೆಯವರು ಕೆಳಗಿಳಿದು ಬರುತ್ತಿದ್ದರು. ಪಟಾಕಿ ಎಂಬ ಹೆಸರು ಬಂದದ್ದೂ ಹಾಗೆಯೇ. ಶಾಲೆಯ ಹಾಜರಿಯಲ್ಲಿ ಬೇರೆ ಹೆಸರಿತ್ತು, ಆದರೆ ಆ ಹೆಸರಿನಿಂದ ಕರೆದರೆ ಅವಳೇ ಒಂದು ನಿಮಿಷ ತಿರುಗಿ ನೋಡುತ್ತಿರಲಿಲ್ಲ.

ಇವರ ಊರೆಲ್ಲ ಹಳದಿ ತಂಡದ ಕಡೆ. ಪಟಾಕಿ ಮಾತ್ರ ನೀಲಿ. ನೀಲಿ ಅವಳ ಅಮ್ಮ ಹುಟ್ಟಿದ ಊರಿನ ತಂಡ. ಹಾಲಿನ ಜೊತೆಗೇ ಕುಡಿಸಿದ ಬಣ್ಣ ಅದು, ಹೋಗು ಅಂದರೆ ಹೋಗುತ್ತದೆಯೇ?

ಇವತ್ತು ಅಮ್ಮನ ಊರಿನಲ್ಲಿ ನೀಲಿಗೂ ಹಳದಿಗೂ ಮ್ಯಾಚು. ನರ್ಸ್ ಆಗಿದ್ದ ಅಮ್ಮನಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಆದರೆ ಬಸ್ಸು ಓಡಿಸುವ ಅಪ್ಪನಿಗೆ ಬಾಡಿಗೆ ಸಿಕ್ಕಿತ್ತು. ಹಳದಿ ಅಭಿಮಾನಿ ಸಂಘದವರ ಬಾಡಿಗೆ! ಡ್ರೈವರಿಗೂ ಟಿಕೆಟ್ಟು, ಜೊತೆಗೆ ಇನ್ನೊಬ್ಬರಿಗೂ ಟಿಕೆಟ್ಟು. ಪಟಾಕಿ ಒಂದು ವಾರ ಅಪ್ಪನ ಕಾಲು ಬಿಟ್ಟಿರಲಿಲ್ಲ.

"ನೀನು ಯಾವ ಕಡೆ ಅಪ್ಪಾ?" ಎಂದು ಕೇಳಿದರೆ ಅಪ್ಪನ ಉತ್ತರ ಯಾವಾಗಲೂ ಒಂದೇ. "ಸ್ಟೇರಿಂಗ್ ಹಿಡಿದವನಿಗೆ ಕಡೆ ಇಲ್ಲಮ್ಮಾ. ಮದುವೆ ಬಸ್ಸಲ್ಲಿ ನಾನು ಗಂಡಿನ ಕಡೆಯೋ ಹೆಣ್ಣಿನ ಕಡೆಯೋ? ಊಟದ ಕಡೆ."

ಆದರೆ ಇವತ್ತು ಅಪ್ಪ ತಮಾಷೆ ಮಾಡುತ್ತಿರಲಿಲ್ಲ. ಈ ಸೀಸನ್‌ನಲ್ಲಿ ಹಳದಿ ಒಂದು ಮ್ಯಾಚನ್ನೂ ಗೆದ್ದಿರಲಿಲ್ಲ. ಗೆಲ್ಲುವುದಿರಲಿ, ಒಂದು ಡ್ರಾ ಕೂಡ ಇಲ್ಲ. ಸೋತು ಸೋತು ಸಂಘದವರಿಗೆ ಕಂಡಿದ್ದೆಲ್ಲ ಅಪಶಕುನ. ಹಿಂದಿನ ಡ್ರೈವರ್ ಪಾಪ, ಸೀಟಿನ ಪಕ್ಕದಲ್ಲಿ ನೀಲಿ ಛತ್ರಿ ಇಟ್ಟುಕೊಂಡಿದ್ದ. ಅಷ್ಟಕ್ಕೇ ಅವನನ್ನು ಬಿಡಿಸಿ ಅಪ್ಪನನ್ನು ಕರೆದಿದ್ದರು. ಉಳಿದ ಸೀಸನ್ ಪೂರ್ತಿ ಅಪ್ಪನಿಗೇ ಬಾಡಿಗೆ, ಯಾವ ತಕರಾರೂ ಆಗದಿದ್ದರೆ.

"ಛತ್ರಿಗೇ ಹಾಗೆ ಮಾಡಿದೋರು, ಮಗಳೇ ನೀಲಿ ಅಂತ ಗೊತ್ತಾದ್ರೆ?" ಎಂದರು ಅಪ್ಪ.

"ನಾನು ತುಟಿ ಪಿಟಕ್ ಅನ್ನಲ್ಲ. ಪ್ರಾಮಿಸ್."

ಅಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಪಟಾಕಿ ತುಟಿ ಪಿಟಕ್ ಅನ್ನದೆ ಇದ್ದದ್ದು ಅವಳು ನಿದ್ದೆ ಮಾಡಿದಾಗ ಮಾತ್ರ. ಆಗಲೂ ಪೂರ್ತಿ ಅಲ್ಲ.

ಜನ ಬಂದರು. ಹಳದಿ ಅಂಗಿ, ಹಳದಿ ಟೋಪಿ, ಹಳದಿ ಬಾವುಟ, ಒಬ್ಬರ ಗಡ್ಡವೂ ಹಳದಿ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಅನ್ನುತ್ತಾರೆ. ಪಟಾಕಿಯ ಕಣ್ಣು ನೆಟ್ಟಗಿತ್ತು, ಆದರೂ ಕಂಡಿದ್ದೆಲ್ಲ ಹಳದಿಯೇ.

ಕೊನೆಗೆ ದೊಡ್ಡ ಡೋಲು ಹೊತ್ತುಕೊಂಡು ಬೇಕರಿ ಆಂಟಿ ಹತ್ತಿದರು. ಮುಖ್ಯ ರಸ್ತೆಯಲ್ಲಿ ಬೇಕರಿ ನಡೆಸುವ ಅವರೇ ಸಂಘದ ಮುಂದಾಳು. ಅವರು ನೇರವಾಗಿ ಪಟಾಕಿಯ ಪಕ್ಕದಲ್ಲೇ ಬಂದು ಕೂತರು.

"ಡ್ರೈವರಣ್ಣನ ಮಗಳಾ? ಚೆನ್ನಾಗಿದ್ದೀಯ. ತಗೋ, ಬನ್ ತಿನ್ನು. ಇದೇನೇ ಸ್ವೆಟರು, ಈ ಬಿಸಿಲಲ್ಲಿ?"

"ಅವಳಿಗೆ ಸ್ವಲ್ಪ ಶೀತ," ಎಂದರು ಅಪ್ಪ ಡ್ರೈವರ್ ಸೀಟಿನಿಂದ.

"ಮಾತಾಡಲ್ವಾ?"

"ಗಂಟಲೂ ಕಟ್ಟಿದೆ."

"ಪಾಪ, ಎಷ್ಟು ಸಾಧು ಮಗು!" ಎಂದು ಆಂಟಿ ಅವಳ ಎರಡೂ ಕೆನ್ನೆಗೆ ಹಳದಿ ಪಟ್ಟೆ ಬಳಿದೇ ಬಿಟ್ಟರು. ಪಟಾಕಿ ಕಣ್ಣು ಮುಚ್ಚಿಕೊಂಡಳು. ಅವಳು ಸಾಧು ಎಂದು ಯಾರಾದರೂ ಹೇಳಿದ್ದು ಹುಟ್ಟಿದಾಗಿನಿಂದ ಇದೇ ಮೊದಲು. ಬನ್ ಮಾತ್ರ ಬಹಳ ರುಚಿಯಾಗಿತ್ತು, ಇನ್ನೊಂದು ತಿಂದಳು.

ದಾರಿಯುದ್ದಕ್ಕೂ ಹಾಡು. ಡೋಲಿನ ಸದ್ದಿಗೆ ಕಿಟಕಿಯ ಗಾಜು ನಡುಗುತ್ತಿತ್ತು. "ಗೆಲ್ಲೋದು ಬೇಡ ಕಣ್ರೋ," ಎಂದು ಆಂಟಿ ನಡುನಡುವೆ ಹೇಳುತ್ತಿದ್ದರು, "ಇವತ್ತು ಒಂದು ಡ್ರಾ ಮಾಡಿಕೊಂಡು ಬಂದ್ರೆ ನಾಳೆ ಊರಿಗೆಲ್ಲ ಫ್ರೀಯಾಗಿ ಬನ್ ಹಂಚ್ತೀನಿ."

ಸ್ಟೇಡಿಯಂ ಒಳಗೆ ಮೆಟ್ಟಿಲು ಹತ್ತಿ ಮೇಲೆ ಬಂದಾಗ ಪಟಾಕಿಯ ಕಾಲು ಅಲ್ಲೇ ನಿಂತಿತು. ಅಬ್ಬಾ! ಎಷ್ಟು ಹಸಿರು! ಟೀವಿಯಲ್ಲಿ ಹುಲ್ಲಿಗೆ ವಾಸನೆ ಇರುವುದಿಲ್ಲ. ಇಲ್ಲಿ ಆಗತಾನೆ ನೀರು ಹಾಕಿದ ಹುಲ್ಲಿನ ವಾಸನೆ ಮೂಗಿಗೆ ಬಡಿಯಿತು. ಎದುರಿಗೆ, ಎಡಕ್ಕೆ, ಬಲಕ್ಕೆ ನೀಲಿ ಜನ, ನೀಲಿ ಬಾವುಟ. ಒಂದು ಮೂಲೆಯಲ್ಲಿ ಮಾತ್ರ ಹಿಡಿಯಷ್ಟು ಹಳದಿ, ಆ ಹಳದಿಯ ನಡುವೆ ಸ್ವೆಟರು ಹಾಕಿಕೊಂಡ ಅವಳು. ತನ್ನ ಜನವೆಲ್ಲ ಅಲ್ಲಿ, ತಾನು ಇಲ್ಲಿ. ಅಳು ಬರುವಂತಾಯಿತು.

ಅಷ್ಟರಲ್ಲಿ ಕುಳ್ಳ ಓಡುತ್ತಾ ಬಂದ. ನಿಜವಾದ ಕುಳ್ಳ! ಟೀವಿಯಲ್ಲಿ ಕಂಡದ್ದಕ್ಕಿಂತಲೂ ಕುಳ್ಳ. ಅವನು ಸಾಕ್ಸ್ ಮೇಲೆಳೆದುಕೊಂಡದ್ದೂ ಕಂಡಿತು. ಪಟಾಕಿ ಅಪ್ಪನ ಕೈಯನ್ನು ಎಷ್ಟು ಜೋರಾಗಿ ಹಿಸುಕಿದಳೆಂದರೆ ಅಪ್ಪ "ಅಯ್ಯೋ, ಗೇರ್ ಹಾಕೋ ಕೈ ಅದು," ಎಂದು ಪಿಸುಗುಟ್ಟಿದರು.

ಮೊದಲ ಗೋಲು ಹಳದಿಯದು.

ಎಲ್ಲರೂ ಎದ್ದು ಕುಣಿದರು. ಬೇಕರಿ ಆಂಟಿ ಪಟಾಕಿಯನ್ನು ಎತ್ತಿ ಗಿರಗಿರ ತಿರುಗಿಸಿ ಇಳಿಸಿದರು. ಪಟಾಕಿ ಚಪ್ಪಾಳೆ ತಟ್ಟಿದಳು. ಆ ಚಪ್ಪಾಳೆಗೆ ಸೊಳ್ಳೆಯೂ ಸಾಯುತ್ತಿರಲಿಲ್ಲ. ಗೋಲು ಹೇಗಾಯಿತು ಎಂದು ಇನ್ನೊಮ್ಮೆ ನೋಡೋಣ ಅಂದರೆ ಇಲ್ಲಿ ಯಾರೂ ರೀಪ್ಲೇ ತೋರಿಸಲಿಲ್ಲ. ಆದದ್ದು ಆಯಿತು, ಅಷ್ಟೇ.

ಸೆಕೆಂಡ್ ಹಾಫ್‌ನಲ್ಲಿ ಕುಳ್ಳ ಇಬ್ಬರನ್ನು ದಾಟಿ ಬಂದು ಮೂಲೆಗೆ ಒದ್ದ. ಗೋಲ್! ಸ್ಟೇಡಿಯಂ ಎಲ್ಲ ಗುಡುಗಿತು. ಪಟಾಕಿಯ ಬಾಯಿಯಲ್ಲಿ ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅವಳು ಕೆಳಗೆ ಕೂತು, ಶೂ ಲೇಸ್ ಕಟ್ಟುವವಳಂತೆ ಬಗ್ಗಿ, ಸ್ವೆಟರಿನ ತೋಳನ್ನು ಕಚ್ಚಿಕೊಂಡು ಬಾಯೊಳಗೇ ಕಿರುಚಿದಳು.

"ಬೇಜಾರು ಮಾಡ್ಕೋಬೇಡ ಮರೀ," ಎಂದು ಆಂಟಿ ಅವಳ ಬೆನ್ನು ಸವರಿದರು. "ಒಂದಕ್ಕೊಂದು. ಡ್ರಾ ಆಗುತ್ತೆ ನೋಡು. ನಮಗಷ್ಟು ಸಾಕು."

ಆಮೇಲೆ ಸಮಯ ಓಡಲೇ ಇಲ್ಲ. ಹಳದಿಯವರು ಡೋಲು ನಿಲ್ಲಿಸಿ, ಒಬ್ಬರ ಕೈ ಒಬ್ಬರು ಹಿಡಿದು ನಿಂತರು. ಗಡ್ಡದವರು ಗಡಿಯಾರ ನೋಡುವುದು, ಮೈದಾನ ನೋಡುವುದು, ಮತ್ತೆ ಗಡಿಯಾರ ನೋಡುವುದು. ರೆಫರಿ ಇನ್ನೇನು ಸೀಟಿ ಊದಬೇಕು. ಆಗ ಎಲ್ಲಿಂದಲೋ ಬಂದ ಬಾಲು ಕುಳ್ಳನ ಕಾಲಿಗೆ ಬಿತ್ತು. ಅವನು ತಲೆ ಎತ್ತಿದ. ಒದ್ದ.

"ಗೋ...ಲ್! ಕುಳ್ಳಾ! ನನ್ ಕುಳ್ಳಾ! ಗೋ...ಲ್!"

ಪಟಾಕಿ ಸೀಟಿನ ಮೇಲೆ ನಿಂತಿದ್ದಳು. ಜಿಪ್ಪು ಯಾವಾಗ ಇಳಿಯಿತೋ ದೇವರೇ ಬಲ್ಲ. ನೀಲಿ ಜರ್ಸಿ ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು. ಸುತ್ತ ಹಳದಿ ಜನ ಕಲ್ಲಾಗಿ ನಿಂತಿದ್ದರು. ಎಲ್ಲ ತಲೆಗಳೂ ಒಂದೊಂದಾಗಿ ಇವಳ ಕಡೆ ತಿರುಗಿದವು.

ಪಟಾಕಿ ಬಾಯಿ ಮುಚ್ಚಿದಳು. ಸಿಡಿದ ಮೇಲೆ ಮುಚ್ಚಿದರೆ ಏನು ಬಂತು?

"ಡ್ರೈವರಣ್ಣಾ," ಎಂದರು ಬೇಕರಿ ಆಂಟಿ. ಡೋಲಿನ ಕೋಲು ಗಾಳಿಯಲ್ಲೇ ನಿಂತಿತ್ತು. "ಏನಿದು?"

ಅಪ್ಪನ ಮುಖ ಬೆವೆತಿತ್ತು. ಅವರು ಎದ್ದು ಪಟಾಕಿಯ ಪಕ್ಕದಲ್ಲಿ ನಿಂತರು. "ನನ್ನ ಮಗಳು. ನೀಲಿ ಕಡೆಯವಳು. ನಿಮಗೆ ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ, ನಂದೇ ತಪ್ಪು. ಅವಳು ಸ್ಟೇಡಿಯಂಗೆ ಬಂದು ಮ್ಯಾಚ್ ನೋಡ್ತಿರೋದು ಇದೇ ಮೊದಲು. ಅದಕ್ಕೇ ಕರ್ಕೊಂಡು ಬಂದೆ."

"ನಾನು ಆವಾಗ್ಲೇ ಅಂದ್ಕೊಂಡೆ," ಎಂದರು ಗಡ್ಡದವರು. "ಬಸ್ಸಲ್ಲೇ ಅಪಶಕುನ ಇಟ್ಕೊಂಡು ಬಂದಿದ್ದೀವಿ! ಮುಂದಿನ ಸಲ ಬೇರೆ ಬಸ್ ನೋಡೋಣ."

ಪಟಾಕಿ ಸೀಟಿನಿಂದ ಇಳಿದು ಅಪ್ಪನ ಹಿಂದೆ ನಿಂತಳು.

ಆಂಟಿ ಅವಳನ್ನೇ ದಿಟ್ಟಿಸಿದರು. ಕೆನ್ನೆಯ ಮೇಲೆ ಹಳದಿ ಪಟ್ಟೆ, ಮೈಮೇಲೆ ನೀಲಿ ಜರ್ಸಿ.

"ನನ್ನ ಬನ್ನೆಲ್ಲ ತಿಂದು ನಮ್ಮ ಮೇಲೇನೇ ಗೋಲ್ ಅಂತೀಯಲ್ಲೇ, ಕಳ್ಳೀ!" ಎಂದರು. ಆಮೇಲೆ ಗಡ್ಡದವರ ಕಡೆ ತಿರುಗಿದರು. "ಕುಣಿಯಲಾರದವನು ನೆಲ ಡೊಂಕು ಅಂದನಂತೆ. ಒದ್ದೋನು ಆ ಕುಳ್ಳ, ಬಿಟ್ಟೋನು ನಮ್ಮ ಗೋಲ್‌ಕೀಪರು. ಮಗು ಏನ್ ಮಾಡ್ತು? ಬಸ್ಸು ಇದೇ ಇರುತ್ತೆ. ನಡೀರಿ, ಹೊತ್ತಾಯ್ತು."

ಅಪ್ಪ ಉಸಿರು ಬಿಟ್ಟದ್ದು ಪಟಾಕಿಗೆ ಕೇಳಿಸಿತು.

ಬಸ್ಸು ವಾಪಸು ಹೊರಟಿತು. ಈಗ ಹಾಡಿಲ್ಲ, ಡೋಲಿಲ್ಲ. ಎಂಜಿನ್ನಿನ ಸದ್ದು ಬಿಟ್ಟರೆ ಬೇರೆ ಸದ್ದೇ ಇಲ್ಲ. ಪಟಾಕಿಯ ಒಳಗೆ ಮಾತ್ರ ಕುಳ್ಳ ಇನ್ನೂ ಓಡುತ್ತಲೇ ಇದ್ದ. ಅವನು ತಲೆ ಎತ್ತಿದ್ದು, ಒದ್ದದ್ದು, ಬಲೆ ಉಬ್ಬಿದ್ದು. ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ ಅನಿಸುತ್ತಿತ್ತು.

ಅವಳು ಪಕ್ಕಕ್ಕೆ ನೋಡಿದಳು. ಬೇಕರಿ ಆಂಟಿ ಡೋಲನ್ನು ಮಡಿಲಲ್ಲಿ ಇಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರು. ಮೂಗು ಕೆಂಪಾಗಿತ್ತು. ದೊಡ್ಡವರೂ ಮ್ಯಾಚಿಗೆ ಅಳುತ್ತಾರೆ ಎಂದು ಪಟಾಕಿಗೆ ಗೊತ್ತಿರಲಿಲ್ಲ. ಹಿಂದೆ ಗಡ್ಡದವರು ಬಾವುಟವನ್ನು ಸುಮ್ಮನೆ ಮಡಚುತ್ತಿದ್ದರು, ಬಿಚ್ಚುತ್ತಿದ್ದರು. ಪ್ರತಿ ಸಲವೂ ಇವರು ಹಾಡುತ್ತಾ ಹೋಗಿ ಹೀಗೆಯೇ ವಾಪಸು ಬರುತ್ತಾರಾ? ಮತ್ತೆ ಮುಂದಿನ ಸಲ ಹಾಡುತ್ತಾ ಹೋಗುತ್ತಾರಾ?

"ಏನೇ ಹಾಗೆ ನೋಡ್ತಿದ್ದೀಯ?" ಎಂದರು ಆಂಟಿ.

"ಮುಂದಿನ ಮ್ಯಾಚ್ ನೀವು ಗೆಲ್ಲಬೇಕು ಆಂಟಿ."

"ಯಾರ ಮೇಲೆ?"

ಪಟಾಕಿ ಯೋಚಿಸಿದಳು. "ಯಾರ ಮೇಲಾದ್ರೂ. ನಮ್ಮ ಮೇಲೆ ಬಿಟ್ಟು."

ಆಂಟಿಗೆ ನಗು ಬಂತು. ಆದರೆ ಆ ನಗು ಅರ್ಧ ದಾರಿಯಲ್ಲೇ ನಿಂತಿತು, ಅವರು ಮತ್ತೆ ಕಿಟಕಿಯ ಕಡೆ ತಿರುಗಿದರು.

ಆಗ ಅಪ್ಪನ ಫೋನು ಹೊಡೆದುಕೊಂಡಿತು. ಅಪ್ಪ ಬಸ್ಸು ಓಡಿಸುವಾಗ ಫೋನು ಪಟಾಕಿಯ ಹತ್ತಿರವೇ ಇರುತ್ತಿತ್ತು. ಅಮ್ಮ! ಡ್ಯೂಟಿ ಮುಗಿದಿರಬೇಕು.

"ಗೆದ್ವಲ್ಲೇ!" ಅಮ್ಮನ ದನಿ ಬಸ್ಸಿಗೆಲ್ಲ ಕೇಳಿಸುವಷ್ಟು ಜೋರಾಗಿತ್ತು. "ಕುಳ್ಳ ಎರಡು ಗೋಲಂತೆ! ಹೇಗೆ ಹೊಡೆದ? ಹೇಳೇ, ಒಂದೂ ಬಿಡದೆ ಹೇಳು!"

ಇಡೀ ದಿನ ಪಟಾಕಿ ಕಾದದ್ದು ಈ ಪ್ರಶ್ನೆಗೇ. ಉತ್ತರವೆಲ್ಲ ನಾಲಿಗೆಯ ತುದಿಯಲ್ಲಿತ್ತು. ಈಗ ಗುಟ್ಟೂ ಉಳಿದಿರಲಿಲ್ಲ, ಬಾಯಿ ಮುಚ್ಚು ಅನ್ನುವವರೂ ಇರಲಿಲ್ಲ. ಕನ್ನಡಿಯಲ್ಲಿ ಅಪ್ಪನ ಕಣ್ಣು ಇವಳನ್ನೇ ನೋಡುತ್ತಿತ್ತು.

"ಮನೆಗೆ ಬಂದು ಹೇಳ್ತೀನಮ್ಮಾ," ಎಂದಳು ಮೆಲ್ಲಗೆ.

"ಯಾಕೆ ಇಷ್ಟು ಸಣ್ಣ ದನಿ? ಹುಷಾರಿಲ್ವಾ?"

"ಹುಷಾರಾಗಿದ್ದೀನಿ." ಪಟಾಕಿ ಫೋನಿಗೆ ಕೈ ಅಡ್ಡ ಹಿಡಿದಳು. "ಇಲ್ಲಿ ಎಲ್ಲರೂ ಮಲಗಿದ್ದಾರೆ ಅಮ್ಮಾ."

ಬಸ್ಸಿನಲ್ಲಿ ಒಬ್ಬರೂ ಮಲಗಿರಲಿಲ್ಲ. ಬೇಕರಿ ಆಂಟಿ ಅವಳ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ತಲೆಯನ್ನು ಸೀಟಿಗೆ ಒರಗಿಸಿ, ಕಣ್ಣು ಮುಚ್ಚಿಕೊಂಡರು. ಹಿಂದಿನ ಸೀಟಿನಿಂದ ಗಡ್ಡದವರು ಒಂದು ದೊಡ್ಡ ಸುಳ್ಳು ಗೊರಕೆ ಹೊಡೆದರು.