ಬಾವಿ ನೀರಿನ ಕಿಮ್ಚಿ

ಅಕ್ಟೋಬರ್ ೧೭, ಬೆಳಿಗ್ಗೆ ೯.೪೦. ಸೋಲ್ಗೋಕ್ ಠಾಣೆಗೆ ಓಡಿಬಂದವನು ವೃದ್ಧಾಶ್ರಮದ ವ್ಯವಸ್ಥಾಪಕ ತಾಕ್. ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಬಚ್ಚಲ ಚಪ್ಪಲಿ.

"ಹದಿನಾಲ್ಕು ಜನಕ್ಕೆ ರಕ್ತಭೇದಿ, ಸಾಹೇಬ್ರೇ. ಯೋಮ್ ಅಜ್ಜಿ ಇವತ್ತು ಹೋಗ್ಬಿಟ್ರು."

ಇನ್ಸ್‌ಪೆಕ್ಟರ್ ಪ್ಯೋ ಜೇಮುನ್ ಪೆನ್ನು ತೆಗೆದ. "ಏನು ತಿಂದಿದ್ರು?"

"ಗಂಜಿ, ಮೀನು, ಕೋಸಿನ ಕಿಮ್ಚಿ."

"ಕಿಮ್ಚಿ ಯಾರ ಕೈದು?"

"ನಮಗೆ ಕಿಮ್ಚಿ ಹಾಕಿಕೊಡೋ ಓಕ್ ಮಾಲ್ಜಾ ಅಕ್ಕಂದು. ಅವರ ಮೇಲೆ ಮಾತ್ರ ಅನುಮಾನ ಬೇಡಿ. ಅವರ ತಾಯೀನೂ ನಮ್ಮಲ್ಲೇ ಇದ್ದವರು. ಈಗ ಐಸಿಯುನಲ್ಲಿ ಸಾವು ಬದುಕಿನ ಮಧ್ಯೆ ಇದ್ದಾರೆ."

೧೦.೧೫ಕ್ಕೆ ಎಫ್‌ಐಆರ್ ದಾಖಲಾಯಿತು.

೧೯ರಂದು ಪ್ರಯೋಗಾಲಯದ ವರದಿ ಬಂತು. ಅಡುಗೆಮನೆಯಲ್ಲಿ ಸಿಕ್ಕ ಎರಡು ಡಬ್ಬಿಗಳಲ್ಲಿ ಹುಳಿಬಂದ ಹಳೆಯ ಕಿಮ್ಚಿ ಚೊಕ್ಕಟವಾಗಿತ್ತು. ಆಗಷ್ಟೇ ಉಪ್ಪು ಖಾರ ಕಲಸಿದ ಹೊಸ ಕಿಮ್ಚಿಯ ತುಂಬ ವಿಷಕಾರಿ ಇ. ಕೋಲೈ.

"ಮಾಡಿದ ಕೈ ಒಂದೇ. ಇದೇನಿದು?" ಎಂದ ಪ್ಯೋ.

ಕಾನ್‌ಸ್ಟೆಬಲ್ ಮಾ ರಾನ್‌ಹೀ ಕಿಮ್ಚಿ ಹಾಕುವ ಮನೆಯಲ್ಲೇ ಬೆಳೆದವಳು. "ಹುಳಿ ಏರಿದ್ರೆ ಕ್ರಿಮಿ ಬಹಳ ದಿನ ತಾಳಲ್ಲ ಸರ್. ಹೊಸದಕ್ಕೆ ಹುಳಿ ಎಲ್ಲಿಂದ ಬರ್ಬೇಕು? ಕೋಸು ತೊಳೆದ ನೀರು ನೋಡ್ಬೇಕು."

೨೦ರ ಬೆಳಿಗ್ಗೆ ೧೧ಕ್ಕೆ ಮಾಲ್ಜಾಳ ಶೆಡ್ಡಿಗೆ ಹೋದರು. ಅರವತ್ತೊಂದರ ಹೆಂಗಸು, ಉಪ್ಪುನೀರಿಗೆ ಬೆರಳ ಸಂದುಗಳೆಲ್ಲ ಬಿರಿದಿದ್ದವು. ಹಿತ್ತಲಲ್ಲಿ ಬಾವಿ. ಜುಲೈ ನೆರೆಯಲ್ಲಿ ಪಕ್ಕದ ಶೌಚಗುಂಡಿ ಒಡೆದಿದ್ದರಿಂದ, ಬಾವಿ ನೀರಿಗೆ ಕ್ಲೋರಿನ್ ಬೆರೆಸುವ ಯಂತ್ರವನ್ನು ಜಿಲ್ಲಾ ಕಚೇರಿಯವರು ಕೂರಿಸಿ, ತುಂಬಿದ ಡ್ರಮ್ಮನ್ನೂ ಕೊಟ್ಟುಹೋಗಿದ್ದರು.

ಪಂಚರಾಗಿ ಬಂದಿದ್ದವರಲ್ಲಿ ಒಬ್ಬ ನೆರೆಮನೆಯ ಮುದುಕ ಬ್ಯೋನ್. "ಎಪ್ಪತ್ತು ವರ್ಷ ಇದೇ ನೀರು ಕುಡಿದಿದೀನಿ. ಸತ್ತಿದೀನಾ?"

"ಅದನ್ನ ನಿಮ್ಮ ಹೆಂಡ್ತೀನ ಕೇಳ್ಬೇಕು ತಾತ," ಎಂದಳು ರಾನ್‌ಹೀ, ಗೋಡೆಗೆ ನೇತುಹಾಕಿದ್ದ ದಾಖಲೆ ಪುಸ್ತಕ ತಿರುವುತ್ತ. ದಿನವೂ ಬೆಳಿಗ್ಗೆ ಆರಕ್ಕೆ 'ಯಂತ್ರ ಓಡಿಸಿದೆ' ಎಂದು ಸಹಿ ಇತ್ತು. ಒಂದು ದಿನವೂ ತಪ್ಪಿರಲಿಲ್ಲ.

"ಚುಸೋಕ್ ಹಬ್ಬದ ದಿನವೂ ಸಹಿ ಇದೆಯಲ್ಲ ಅಕ್ಕಾ. ಅವತ್ತು ಬೆಳಿಗ್ಗೆ ಆರಕ್ಕೆ ಎಲ್ಲಿದ್ರಿ?"

"ಇಲ್ಲೇ."

"ಹಿರಿಯರಿಗೆ ಎಡೆ ಇಡೋದು ಬಿಟ್ಟು?"

ಬ್ಯೋನ್‌ಗೆ ತಡೆಯಲಾಗಲಿಲ್ಲ. "ಏನು ಮಾತು ಅಂತ ಆಡ್ತೀಯೇ ಮಾಲ್ಜಾ! ನಿಮ್ಮಪ್ಪನ ಸಮಾಧಿ ಮೇಲಿನ ಹುಲ್ಲು ಕೊಯ್ದು, ನನಗೂ ಒಂದು ಬಟ್ಟಲು ಹೆಂಡ ಬಗ್ಗಿಸಿಕೊಟ್ಟೆಯಲ್ಲ ಬೆಟ್ಟದಲ್ಲಿ. ಆರು ಗಂಟೆಗೆ ಅಲ್ಲೇ ಇದ್ವಿ, ಇನ್ನೂ ಸೂರ್ಯನೇ ಹುಟ್ಟಿರ್ಲಿಲ್ಲ."

ತಾನೇನು ಅಂದೆ ಎಂಬುದು ಮುದುಕನಿಗೆ ಹೊಳೆಯುವಷ್ಟರಲ್ಲಿ ರಾನ್‌ಹೀ ಕ್ಲೋರಿನ್ ಡ್ರಮ್ಮಿನ ಮುಚ್ಚಳದ ಧೂಳು ಒರೆಸಿ ಒಳಗೆ ನೋಡಿದ್ದಳು. ಮೂರು ತಿಂಗಳಿಗೆ ಬೆರಳಗಲ ಮಾತ್ರ ಇಳಿದಿತ್ತು.

೧೨.೩೦ಕ್ಕೆ ಪಂಚನಾಮೆ ಮುಗಿಯಿತು. ಬಾವಿಗೆ ಸೀಲು ಬಿತ್ತು. ೨೩ರಂದು ಬಂದ ವರದಿಯಲ್ಲಿ ಬಾವಿಯ ಕ್ರಿಮಿ, ಕಿಮ್ಚಿಯ ಕ್ರಿಮಿ ಎರಡೂ ಒಂದೇ. ಆ ಮಧ್ಯಾಹ್ನ ೩ಕ್ಕೆ ಮಾಲ್ಜಾಳನ್ನು ಠಾಣೆಗೆ ಕರೆಸಿದರು.

"ಯಂತ್ರ ಯಾಕೆ ನಿಲ್ಲಿಸಿದ್ರಿ?"

"ಒಂದು ವಾರ ಓಡಿಸ್ದೆ. ಅಮ್ಮ ಬಾಯಿಗಿಟ್ಟಿದ್ದನ್ನ ಉಗುಳಿದ್ಲು. 'ಇದು ನಮ್ಮ ಬಾವೀದಲ್ಲ, ಯಾರೇ ನೀನು ಮೋಸಗಾತಿ' ಅಂದ್ಲು. ನನ್ನ ಗುರುತು ಮರೆತು ಎರಡು ವರ್ಷ ಆಯ್ತು ಸಾಹೇಬ್ರೇ. ಬಾವಿ ನೀರಿನ ರುಚಿ ಮರೆತಿರ್ಲಿಲ್ಲ. ಕಿಮ್ಚಿ ಇಲ್ದೆ ಗಂಜೀನೂ ಮುಟ್ಟದೆ ಕಡ್ಡಿ ಆಗಿಹೋದ್ಲು. ಯಂತ್ರ ನಿಲ್ಲಿಸಿ, ಹೊಸ ಕಿಮ್ಚಿ ಸಿಗಿದು ಬಾಯಿಗಿಟ್ರೆ, ನನ್ನ ಬೆರಳೂ ಚೀಪ್ತಿದ್ಲು."

"ಬೇರೆಯವರೂ ತಿಂದ್ರಲ್ಲಮ್ಮ."

"ಯೋಮ್ ಅಜ್ಜಿ ಪಕ್ಕದ ಹಾಸಿಗೆ. 'ನಂಗೂ ಒಂಚೂರು' ಅಂತ ಬಾಯಿ ತೆರೀತಿದ್ರು. ನಾನೇ ಹಾಕ್ದೆ."

೪.೧೦ಕ್ಕೆ ಬಂಧನ. ಸಹಿ ಮಾಡುವಾಗ ಬಿರಿದ ಬೆರಳಿನ ರಕ್ತ ಕಾಗದಕ್ಕೆ ಅಂಟಿತು.

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು. ಪ್ಯೋ ಕೇಳಿಸಿಕೊಂಡು, ರಿಸೀವರಿಗೆ ಕೈ ಮುಚ್ಚಿ ಹೇಳಿದ: "ನಿಮ್ಮ ತಾಯಿ ಪಾರಾಗಿದ್ದಾರೆ."

ಮಾಲ್ಜಾ ಅರ್ಧ ಎದ್ದಳು. "ಉಂಡ್ಲಾ?"

ನರ್ಸು ಫೋನು ಮಾಡಿದ್ದೂ ಊಟದ ಮಾತಿಗೇ. ಅಜ್ಜಿ ಏನು ಕೊಟ್ಟರೂ ಉಗುಳುತ್ತಾರೆ, ಮನೆಯಲ್ಲಿ ಏನು ತಿನ್ನುತ್ತಿದ್ದರು?

ಪ್ಯೋ ಫೋನನ್ನು ಮಾಲ್ಜಾಳ ಕೈಗೆ ಕೊಟ್ಟ. ಕಡತ ಎಳೆದುಕೊಂಡು, 'ಅಪರಾಧದ ಉದ್ದೇಶ' ಎಂಬ ಖಾಲಿ ಜಾಗದಲ್ಲಿ ಬರೆದ: ತಾಯಿ ಉಣ್ಣಲೆಂದು.