ತಣಿಯದ ಲೋಟ

ನಂಬುವುದಾದರೆ ನಂಬಿ, ವಾದ ಮಾಡಲು ನನಗೆ ಶಕ್ತಿಯಿಲ್ಲ. ನಾನು ರಿಯಾಝ್, ಕೆಟ್ಟ ಬೋರ್‌ವೆಲ್ ಮುಚ್ಚುವವನು. ಮಟ್ಟು ಊರಿನ ಮನೋರಮಕ್ಕನ ಗುಳ್ಳ ಬದನೆಯ ಗದ್ದೆಯ ಬೋರ್‌ವೆಲ್‌ಗೆ ಉಪ್ಪುನೀರು ನುಗ್ಗಿತ್ತು. ಭಾರದ ಸಿಮೆಂಟ್ ಒಳಗಿನ ಬಂಡೆಯ ಬಿರುಕುಗಳಲ್ಲಿ ಇಳಿದುಹೋಗುತ್ತದೆಂದು ಹಗುರ ಸಿಮೆಂಟನ್ನೇ ಬಾಯಿಯವರೆಗೆ ತುಂಬಿಸಿದೆ. ಗಟ್ಟಿಯಾಯಿತೇ ಎಂದು ನೋಡಲು, ವಾಡಿಕೆಯಂತೆ, ಅದೇ ಮಿಶ್ರಣವನ್ನು ಒಂದು ಸ್ಟೀಲ್ ಲೋಟದಲ್ಲಿ ಮನೆಗೆ ತಂದೆ.

ಗಟ್ಟಿಯಾಗುವಾಗ ಸಿಮೆಂಟ್ ಬಿಸಿಯಾಗುತ್ತದೆ, ಎರಡು ದಿನದಲ್ಲಿ ತಣಿಯುತ್ತದೆ. ಇದು ತಿಂಗಳಾದರೂ ತಣಿಯಲಿಲ್ಲ. ಯೋಚಿಸಿ ಸಾಕಾಗಿ ಬಿಟ್ಟುಬಿಟ್ಟೆ. ಹೆಂಡತಿ ಖೈರುನ್ನಿಸಾ ಮೊಣಕಾಲು ನೋವಿಗೆ ಆ ಲೋಟದಿಂದಲೇ ಶಾಖ ಕೊಟ್ಟುಕೊಳ್ಳುತ್ತಿದ್ದಳು. "ಇದರ ಜ್ವರ ಬಿಡುವುದೇ ಇಲ್ಲ ಅಲ್ವಾ?" ಎನ್ನುತ್ತಿದ್ದಳು.

ಇವತ್ತು ಬೆಳಗ್ಗೆ ಲೋಟ ತಣ್ಣಗಿತ್ತು. ಅವಳು ಅದನ್ನು ನನ್ನ ಕೈಗಿಡುವಾಗಲೇ ಮನೋರಮಕ್ಕನ ಫೋನ್ ಬಂತು.

"ರಿಯಾಝ್, ಸಿಮೆಂಟ್ ಯಾವಾಗ ತೆಗೆದದ್ದು ಮಾರಾಯ್ರೆ? ಬೋರ್‌ವೆಲ್ ಬಾಯಿ ತೆರೆದೇ ಉಂಟು, ಕಲ್ಲು ಹಾಕಿದರೆ ನೀರಿನ ಶಬ್ದ ಕೇಳುತ್ತದೆ."